ಸಂಗಣ್ಣನ ಬೊಗಸೆ

ಇಂಡಿಯಿಂದ ಬಸವನ ಬಾಗೇವಾಡಿಯ ತನಕ ಕುರಿ ಕಾಯುವವರಲ್ಲಿ ಯಾರನ್ನು ಕೇಳಿದರೂ ಸಂಗಣ್ಣನ ಮುಖಕ್ಕಿಂತ ಮೊದಲು ಅವನ ನಾಲಿಗೆಯ ಮಾತು ಬರುತ್ತಿತ್ತು. ಗೊತ್ತಿಲ್ಲದ ನೀರಿಗೆ ಹಿಂಡು ಇಳಿಯುವ ಮುಂಚೆ ಹಿರಿಯನಾದವನು ಒಂದು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಳ್ಳಬೇಕು, ನಾಲ್ಕು ಉಸಿರಿನಷ್ಟು ಹೊತ್ತು ಹಿಡಿಯಬೇಕು, ಎಡಕ್ಕೆ ಉಗುಳಬೇಕು, ಆಮೇಲೆ ಒಂದೇ ಮಾತು ಹೇಳಬೇಕು. ‘ಸಿಹಿ’ ಅಂದರೆ ಕುರಿ ಇಳಿಯುತ್ತವೆ. ‘ಬ್ಯಾಡ’ ಅಂದರೆ ಎಷ್ಟೇ ಬಾಯಾರಿದ್ದರೂ ಹಿಂಡು ಮುಂದಿನ ಊರಿಗೆ ನಡೆಯುತ್ತದೆ. ಮೊದಲ ಬೊಗಸೆ ಕುರುಬನದು, ಎರಡನೆಯದು ಕುರಿಯದು ಎಂಬುದು ಅವರ ಮನೆತನದಲ್ಲಿ ಅಜ್ಜನ ಕಾಲದಿಂದ ನಡೆದುಬಂದ ರೀತಿ.

ಸಂಗಣ್ಣನಿಗೆ ಆ ಒಂದು ಬೊಗಸೆಯಲ್ಲಿ ಎಲ್ಲವೂ ತಿಳಿಯುತ್ತಿತ್ತು. ಗೊಬ್ಬರದ ನೀರು ಹರಿದುಬಂದಿದೆಯೋ, ಮೇಲಿನ ಹೊಲದವನು ಬೆಳೆಯ ಹುಳಕ್ಕೆ ಎಣ್ಣೆ ಹೊಡೆದು ಪಂಪು ತೊಳೆದಿದ್ದಾನೋ, ಎಲ್ಲ. ಒಮ್ಮೆ ಸಾಲೋಟಗಿಯ ಹತ್ತಿರ ಒಬ್ಬ ರೈತನ ಹೊಸ ಬಾವಿಯ ನೀರನ್ನು ಉಗುಳಿ, “ಇದರಾಗ ಏನೋ ಸತ್ತೈತ್ರಿ” ಅಂದುಬಿಟ್ಟ. ರೈತ ಬಡಿಗೆ ತೆಗೆದುಕೊಂಡು ಬೆನ್ನು ಹತ್ತಿದ. ಮೂರನೆಯ ದಿನ ಬಾವಿಯಲ್ಲಿ ಮುಂಗುಸಿ ತೇಲಿತು. ಅಂದಿನಿಂದ, ಸಂಗಣ್ಣ ಉಗುಳಿದ ನೀರನ್ನು ಎಮ್ಮೆಯೂ ಮೂಸುವುದಿಲ್ಲ ಎಂಬುದು ಆ ಸೀಮೆಯಲ್ಲಿ ಗಾದೆಯಂತೆ ಓಡಾಡಿತು.

ಆ ನಾಲಿಗೆ ಸತ್ತು ಮೂರು ವರ್ಷವಾಗಿತ್ತು. ಅದು ಅವನ ಮಗಳು ಸುಜಾತಾಳಿಗೆ ಮಾತ್ರ ಗೊತ್ತಿತ್ತು.

ಊರಿಗೆ ಊರೇ ಮಲಗಿದ ಆ ಜ್ವರದ ವರ್ಷ ಸಂಗಣ್ಣನೂ ಹದಿನೈದು ದಿನ ಕಂಬಳಿ ಬಿಟ್ಟು ಎದ್ದಿರಲಿಲ್ಲ. ಎದ್ದ ಮೇಲೆ ಎಲ್ಲರಂತೆ ಉಂಡ, ಎಲ್ಲರಂತೆ ಕೆಮ್ಮಿದ. ಒಂದು ಮುಂಜಾನೆ ಅವನ ಹೆಂಡತಿ ರಾಮವ್ವ ಸಕ್ಕರೆ ಡಬ್ಬಿ ಅಂದುಕೊಂಡು ಬಟ್ಟೆ ಸೋಡಾದ ಡಬ್ಬಿಯಿಂದ ಎರಡು ಚಮಚ ಚಹಾಕ್ಕೆ ಸುರಿದಳು. ಮೊದಲ ಕಪ್ಪು ಸಂಗಣ್ಣನದು. ಸೊರಸೊರ ಕುಡಿದು ಮುಗಿಸಿ ಕಪ್ಪು ಮುಂದೆ ಚಾಚಿದ. “ಇನ್ನರ್ಧ ಹಾಕು, ಚಲೋ ಆಗೇತಿ.” ಸುಜಾತಾ ತನ್ನ ಕಪ್ಪಿಗೆ ತುಟಿ ಹಚ್ಚಿದವಳು ಹಿತ್ತಲಿಗೆ ಓಡಿ ಉಗುಳಿದಳು. ತಿರುಗಿ ಬಂದು, ಇರುವೆ ಬಿದ್ದಿದೆ ಎಂದು ನೆಪ ಹೇಳಿ ಪಾತ್ರೆಯ ಚಹಾ ಅಷ್ಟನ್ನೂ ಚೆಲ್ಲಿದಳು. ಯಾರಿಗೂ ಏನೂ ಹೇಳಲಿಲ್ಲ.

ಹೇಳುವ ಸ್ವಭಾವವೂ ಅವಳದಲ್ಲ. ಮುದ್ದೇಬಿಹಾಳದ ಕಾಲೇಜಿನಲ್ಲಿ ಮೂರು ವರ್ಷ ಓದಿ ಬಿ.ಎ. ಮುಗಿಸುವ ತನಕ ಹಾಜರಿ ಕೂಗಿದಾಗ ಕೈ ಎತ್ತಿದ್ದೇ ಹೊರತು ‘ಎಸ್ ಸರ್’ ಅಂದವಳಲ್ಲ. ಬರೆಯಬಲ್ಲಳು, ಪುಟಗಟ್ಟಲೆ ಬರೆಯಬಲ್ಲಳು. ನಾಲ್ಕು ಜನ ನೋಡುತ್ತಿದ್ದರೆ ಮಾತು ಗಂಟಲಿಗೆ ಬಂದು ಅಲ್ಲಿಯೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು. ಮೇಲಾಗಿ, ಹೇಳಿ ಮಾಡುವುದಾದರೂ ಏನು? ನಾಲಿಗೆ ಇಲ್ಲದ ಸಂಗಣ್ಣ ಎಂದರೆ ಬರೀ ಮೊಣಕಾಲು ನೋಯುವ ಒಬ್ಬ ಮುದುಕ. ಅವನಿಗೆ ಅದು ಗೊತ್ತಿತ್ತು. ಅವನಿಗೆ ಗೊತ್ತಿರುವುದು ಅವಳಿಗೂ ಗೊತ್ತಿತ್ತು.

ಮೂರು ವರ್ಷ ಕಣ್ಣೇ ನಾಲಿಗೆಯ ಕೆಲಸ ಮಾಡಿತು. ಹಿಂಡಿನ ಹತ್ತಿರ ಹೋದಾಗಲೆಲ್ಲ, ಬೊಗಸೆ ಎತ್ತುವ ಮುಂಚೆ ಅಪ್ಪ ದಂಡೆಯುದ್ದಕ್ಕೂ ಸುಮ್ಮನೆ ಅಡ್ಡಾಡುವುದನ್ನು ಸುಜಾತಾ ಗಮನಿಸಿದ್ದಳು. ಕಪ್ಪೆ ಜಿಗಿಯುತ್ತದೆಯೇ, ನೀರಿನ ಮೇಲೆ ಹುಳ ಓಡುತ್ತದೆಯೇ, ಕಲ್ಲಿಗೆ ಪಾಚಿ ಹಿಡಿದಿದೆಯೇ ಎಂದು ನೋಡಿಕೊಂಡು ಆಮೇಲೆ ಕೂರುತ್ತಿದ್ದ. ಅದರ ಮೇಲೆ, ಹಿಂಡನ್ನು ಹಳೆಯ, ಪರಿಚಯದ ನೀರಿಗೇ ಹೊಡೆಯುತ್ತಿದ್ದ. ಕಾಲುವೆ, ಕೆರೆ, ಗುರುತಿನವರ ಬೋರು. ಹೀಗೆ ನಡೆದಿತ್ತು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ರಾಮವ್ವ ಒಬ್ಬಳ ಕೈಲಾಗದೆ ಸುಜಾತಾಳೂ ಹಿಂಡಿನ ಜೊತೆಗೇ ಉಳಿದಿದ್ದಳು. ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ರಸ್ತೆಯಿಂದ ಒಳಗೆ, ಕಡಲೆ ಕಿತ್ತ ಒಂದು ಹೊಲದಲ್ಲಿ ದಡ್ಡಿ ಹಾಕಿದ್ದರು. ಬಲೆ ಕಟ್ಟಿ ಒಳಗೆ ನೂರಾ ಅರವತ್ತು ಕುರಿ. ರಾತ್ರಿ ಅವು ಹಾಕಿದ ಹಿಕ್ಕೆಯೇ ಹೊಲದವನಿಗೆ ಗೊಬ್ಬರ. ಶುಕ್ರವಾರ ಉಣ್ಣೆ ಕತ್ತರಿಸುವವರು ಬರುವವರಿದ್ದರು. ಮೈ ತೊಳೆಯದ ಕುರಿಯನ್ನು ಅವರು ಮುಟ್ಟುವುದಿಲ್ಲ, ಮಣ್ಣಿಗೆ ಕತ್ತರಿಯ ಬಾಯಿ ಹೋಗುತ್ತದೆ. ಆದರೆ ರಿಪೇರಿಗೆಂದು ಕಾಲುವೆ ಬಂದಾಗಿ ವಾರವಾಗಿತ್ತು. ಕುಡಿಸಲು ಬೋರಿನ ನೀರು ಸಾಕು, ನೂರಾ ಅರವತ್ತು ಮೈ ತೊಳೆಯಲು ಸಾಲದು.

ಗುರುವಾರ ಮುಂಜಾನೆ ಸಂಗಣ್ಣನ ತಮ್ಮ ಮಾಳಿಂಗರಾಯ ಮೊಬೈಲು ಹಿಡಿದುಕೊಂಡು ಬಂದ.

“ಅಣ್ಣಾ, ಇಲ್ಲಿ ನೋಡು. ಎಲ್ಲೀದ ಅಂತೀ ಇದು?”

ಪರದೆಯ ಮೇಲೆ ಬಿಳಿಯ ಕಲ್ಲಿನ ಗೋಡೆಗಳ ನಡುವೆ ನೀಲಿ ನೀರು. ಅದರ ಮುಂದೆ ಕಪ್ಪು ಕನ್ನಡಕದ ಹುಡುಗನೊಬ್ಬ ಕುಣಿಯುತ್ತಿದ್ದ.

“ಯಾವ ದೇಶಾನೋ ಯಾಂವಗ್ಗೊತ್ತು.”

“ದೇಶ ಅಲ್ಲೋ, ನಮ್ಮ ಪರಸಿಕಲ್ಲಿನ ಖಣಿ! ಆ ದಿಬ್ಬದ ಆಚಿ. ಕಲ್ಲು ತಗಿಯೂದು ಬಿಟ್ಟು ಹತ್ತು ವರ್ಷ ಆತಂತ. ನೀಲಿ ಖಣಿ ಅಂತ ಹೆಸರಿಟ್ಟಾರ ಈ ಹುಡುಗ್ರು. ನೋಡು, ಎಷ್ಟ ನೀರೈತಿ. ಒಂದ ಹರದಾರಿ, ಅಷ್ಟ.”

ಸಂಗಣ್ಣ ಬಹಳ ಹೊತ್ತು ನೋಡಿದ. “ನೀರು ಇಷ್ಟ ಚಂದ ಇರಬಾರದೋ ತಮ್ಮಾ.”

“ಕೇಳ್ರಪಾ ಮಾತ! ಅದಕ್ಕ ನೀ ಅದೀಯಲ್ಲ. ಒಂದ ಬೊಗಸಿ ಹಾಕ್ಕೋ, ಹೇಳು. ನಾಲಿಗೀನ ಎಲ್ಲ್ಯರ ಅಡವ ಇಟ್ಟೀಯೇನ?”

ಅಲ್ಲಿದ್ದವರೆಲ್ಲ ನಕ್ಕರು. ರಾಮವ್ವನೂ ನಕ್ಕಳು. ಸಂಗಣ್ಣ ಎದ್ದು ಕೋಲು ತೆಗೆದುಕೊಂಡ.

ದಡ್ಡಿಯಿಂದ ಖಣಿಗೆ ರಸ್ತೆ ಇಲ್ಲ. ಎರಡು ಹೊಲ ದಾಟಿದರೆ ಒಡೆದ ಪರಸಿಯ ಗುಡ್ಡೆಗಳು ಶುರುವಾಗುತ್ತವೆ. ಹಾಸುಗಲ್ಲಿನ ಕೆಲಸಕ್ಕೆ ಬಾರದ ತೆಳು ಚಪ್ಪಡಿ ಹಲ್ಲೆಗಳನ್ನು ವರ್ಷಗಟ್ಟಲೆ ತಂದು ಸುರಿದ ದಿಬ್ಬಗಳವು. ಕಾಲಿಟ್ಟಲ್ಲೆಲ್ಲ ಕಲ್ಲು ಜಾರಿ ತಾಟು ಬಿದ್ದಂತೆ ಸದ್ದಾಗುತ್ತಿತ್ತು. ಕುರಿಗಳು ಸಾಲುಹಿಡಿದು ಹತ್ತಿದವು. ಸುಜಾತಾ ಅಪ್ಪನ ಪಕ್ಕದಲ್ಲೇ ನಡೆದಳು. ಮಾಳಿಂಗರಾಯ ಕಾಕಾ ಮುಂದೆ ಇದ್ದ. ಅಷ್ಟು ದಾರಿಯಲ್ಲಿ ಅಪ್ಪ ಮಗಳಿಬ್ಬರೇ.

“ಅಪ್ಪಾ.”

“ಏನವ್ವ?”

ಅವಳು ಕಾಲಿನಿಂದ ಒಂದು ಸಡಿಲ ಕಲ್ಲನ್ನು ಬದಿಗೆ ತಳ್ಳಿದಳು. “ಏನಿಲ್ಲ. ಮೊಣಕಾಲ ನೋಯ್ತೈತೇನ?”

“ಅದು ನೋಯದ ದಿನ ಯಾವದೈತಿ.”

ಕೊನೆಯ ದಿಬ್ಬ ಹತ್ತಿದಾಗ ಇಬ್ಬರೂ ನಿಂತುಬಿಟ್ಟರು. ಮೊಬೈಲಿನಲ್ಲಿ ಕಂಡದ್ದು ಏನೂ ಅಲ್ಲ. ಮೆಟ್ಟಿಲು ಕಡಿದಂತೆ ಇಳಿದ ಕಲ್ಲಿನ ಗೋಡೆಗಳು, ಅವುಗಳ ಬುಡದಲ್ಲಿ ಅಲುಗಾಡದ ನೀರು. ನವಿಲಿನ ಕತ್ತಿನ ಬಣ್ಣ. ತಳದ ಬಿಳಿಯ ಹಲ್ಲೆಗಳು ಎಣಿಸುವಷ್ಟು ನಿಚ್ಚಳವಾಗಿ ಕಾಣುತ್ತಿದ್ದವು. ಒಂದು ಕಡೆ ಹಿಂದೆ ಲಾರಿ ಇಳಿಯುತ್ತಿದ್ದ ಇಳಿಜಾರು ನೇರ ನೀರಿಗೆ ಹೋಗಿತ್ತು. ತುಕ್ಕು ಹಿಡಿದ ಬೋರ್ಡಿನ ಮೇಲೆ ‘ನೀರು ಆಳವಿದೆ, ಈಜಬೇಡಿ’ ಎಂದಷ್ಟೇ ಬರೆದಿತ್ತು. ಆಚೆ ದಂಡೆಯಲ್ಲಿ ಮದುವೆ ಗೊತ್ತಾದ ಗಂಡು ಹೆಣ್ಣನ್ನು ನಿಲ್ಲಿಸಿಕೊಂಡು ಒಬ್ಬ ಫೋಟೋ ತೆಗೆಯುತ್ತಿದ್ದ. ಕುರಿ ಕಂಡವನೇ ಕೂಗಿದ.

“ಕಾಕಾ, ಕುರಿ ಈ ಕಡೆ ಬರಲಿ ಬಿಡ್ರಿ! ಹಿಂದ ಮಸ್ತ್ ಕಾಣ್ತಾವ!”

“ಬಾಡಿಗಿ ಕೊಡ್ತೀಯೇನ ಮತ್ತ?” ಎಂದು ಮಾಳಿಂಗರಾಯ ಕೂಗಿದ.

ಸಂಗಣ್ಣ ದಂಡೆಯ ಮೇಲೆ ಅಡ್ಡಾಡತೊಡಗಿದ. ಕಪ್ಪೆ ಇಲ್ಲ. ಹುಳ ಇಲ್ಲ. ಪಾಚಿ ಇಲ್ಲ, ಕಲ್ಲೆಲ್ಲ ತೊಳೆದಿಟ್ಟಂತೆ ಬೋಳು. ತಳವೆಲ್ಲ ಬರೀ ಕಲ್ಲಾದ್ದರಿಂದ ಏನೂ ಹುಟ್ಟಿಲ್ಲವೋ, ಅಥವಾ ಹುಟ್ಟಿದ್ದು ಉಳಿಯುವುದಿಲ್ಲವೋ, ಕಣ್ಣು ಹೇಳಲೊಲ್ಲದು. ಹಿಂಡಿನ ಮುಂದಾಳು ಟಗರು ನೀರಿನ ಅಂಚಿಗೆ ಹೋಗಿ ಮೂಸಿ ಎರಡು ಹೆಜ್ಜೆ ಹಿಂದೆ ಸರಿಯಿತು. ಸುಜಾತಾ ಬಗ್ಗಿ ಬೆರಳು ಅದ್ದಿ ಮೂಗಿನ ಹತ್ತಿರ ತಂದಳು. ಹಳೆಯ ಟಾರ್ಚಿನಲ್ಲಿ ಸೆಲ್ಲು ಒಡೆದು ಸೋರಿದಾಗ ಬರುವಂಥ ವಾಸನೆ. ಬಹಳ ಸಣ್ಣದು. ಇತ್ತೋ ಇಲ್ಲವೋ ಅನ್ನುವಷ್ಟು.

ತಲೆ ಎತ್ತಿದರೆ ಅಪ್ಪ ಅವಳನ್ನೇ ನೋಡುತ್ತಿದ್ದ.

ಬೊಗಸೆಯಲ್ಲಿ ನೀರಿತ್ತು. ಬಾಯಿಗೆ ಹಾಕಿಕೊಂಡಿರಲಿಲ್ಲ. ಆ ನೋಟದಲ್ಲಿ ಅವಳಿಗೆ ಒಮ್ಮೆಗೇ ಎಲ್ಲ ತಿಳಿಯಿತು. ತನಗೆ ಗೊತ್ತಿದೆಯೆಂದು ಅಪ್ಪನಿಗೆ ಗೊತ್ತಿದೆ. ಈಗ ಅವನು ಕೇಳುತ್ತಿದ್ದಾನೆ. ಮೂರು ವರ್ಷದಲ್ಲಿ ಮೊದಲ ಸಲ ಒಬ್ಬರನ್ನು ಕೇಳುತ್ತಿದ್ದಾನೆ. ಬೇಡವೆಂದು ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಆದರೆ ಕಾಕಾ ನೋಡುತ್ತಿದ್ದ, ಆಚೆ ದಂಡೆಯ ಮೂವರು ನೋಡುತ್ತಿದ್ದರು, ಕ್ಯಾಮೆರಾ ಈ ಕಡೆಗೇ ತಿರುಗಿತ್ತು. ಕಾಲೇಜಿನ ಮೆಟ್ಟಿಲ ಮೇಲೆ, ಬಸ್ಸಿನಲ್ಲಿ, ವರನ ಕಡೆಯವರ ಮುಂದೆ ಎಲ್ಲೆಡೆ ಆದಂತೆ ಅವಳ ಕತ್ತು ತಾನಾಗಿ ಬಗ್ಗಿತು. ತನ್ನ ಕಾಲ್ಬೆರಳು ನೋಡುತ್ತ ನಿಂತಳು.

ಸಂಗಣ್ಣ ಬೊಗಸೆಯನ್ನು ಬಾಯಿಗೆ ಹಾಕಿಕೊಂಡ. ನಾಲ್ಕು ಉಸಿರು. ಎಡಕ್ಕೆ ಉಗುಳಿದ.

“ಸಿಹಿ.”

“ಹೇಳಿದ್ದಿಲ್ಲನ ನಾ!” ಮಾಳಿಂಗರಾಯ ಟಗರಿನ ಕೋಡು ಹಿಡಿದು ಎಳೆದು ನೀರಿಗಿಳಿಸಿದ. ಹಿಂದೆಯೇ ಹಿಂಡು ಇಳಿಯಿತು. ಅಷ್ಟರಲ್ಲಿ ಅವನ ಫೋನು ಬಡಿಯಿತು. ಸಿಂದಗಿ ಕಡೆಯ ಧರ್ಮರಾಜ. ಇನ್ನೂರು ಕುರಿ ಹೊಡೆದುಕೊಂಡು ತಾಳಿಕೋಟೆ ದಾಟಿದ್ದ, ಅವನಿಗೂ ನೀರಿನದೇ ಚಿಂತೆ. “ಅಣ್ಣ ಈಗ ಬೊಗಸಿ ಹಾಕ್ಕೊಂಡಾನ. ಸಿಹಿ ಅಂದಾನ. ನಾಳಿ ಬಂದ ಬಿಡ್ರಿ ಸೀದಾ” ಎಂದು ಮಾಳಿಂಗರಾಯ ಕೂಗಿ ಹೇಳುವುದು ಗೋಡೆಯಿಂದ ಗೋಡೆಗೆ ಬಡಿದು ಎರಡು ಸಲ ಕೇಳಿಸಿತು.

ಮಧ್ಯಾಹ್ನದ ತನಕ ತೊಳೆದರು. ಕುರಿ ತೊಳೆಯುವಾಗ ಅದು ನೀರು ಕುಡಿಯದೇ ಇರುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮೊದಲನೆಯದು ಬಿತ್ತು. ಗಬ್ಬದ ಕುರಿ, ಕಾಲು ನಾಲ್ಕೂ ಚಾಚಿ ಹಲ್ಲು ಕಡಿಯುತ್ತಿತ್ತು. ಬಿಸಿಲಿಗೆ ಇರಬೇಕು ಅಂದರು. ಆಮೇಲೆ ಎರಡು ಬಿದ್ದವು. ಆಮೇಲೆ ಯಾರೂ ಕಾರಣ ಹೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಇಪ್ಪತ್ಮೂರು ಕುರಿ ಬಲೆಯ ಹೊರಗೆ ಸಾಲಾಗಿ ಮಲಗಿದ್ದವು. ತೊಳೆದ ಉಣ್ಣೆ ಹಗುರಾಗಿ ಒಣಗಿತ್ತು. ಉಣ್ಣೆ ಕತ್ತರಿಸುವವರು ಬಂದವರು ಕತ್ತರಿ ಬಿಚ್ಚದೆ ಬೇವಿನ ಗಿಡದ ಕೆಳಗೆ ಕುಳಿತರು.

ಪಶುವೈದ್ಯ ಅನೀಲಕುಮಾರ ಬೈಕಿನಲ್ಲಿ ಬಂದಾಗ ಏಳು ಗಂಟೆ. ವಯಸ್ಸು ಚಿಕ್ಕದು, ಮಾತು ಚುರುಕು. ಒಂದರ ಬಾಯಿ ಬಿಡಿಸಿ ನೊರೆ ನೋಡಿದ, ಇನ್ನೊಂದರ ಕಣ್ಣು ರೆಪ್ಪೆ ಎತ್ತಿದ.

“ನಿನ್ನೆ ಯಾವ ನೀರು ಕುಡಿಸೀರಿ?”

“ನೀರಿನ ಮಾತ ಬಿಡ್ರಿ ಸಾಹೇಬ್ರ” ಎಂದ ಮಾಳಿಂಗರಾಯ. “ನಮ್ಮಣ್ಣ ಬಾಯಿಗೆ ಹಾಕ್ಕೊಂಡ ನೋಡ್ಯಾನ. ಅಂವ ಸಿಹಿ ಅಂದಮ್ಯಾಲ ಮುಗೀತು.”

“ಹಂಗಾದ್ರ ಕರುಳಬ್ಯಾನಿ ಇರಬೇಕು. ಅದಕ್ಕ ಇಂಜೆಕ್ಷನ್ ಮಾಡ್ತೇನಿ.” ವೈದ್ಯ ಚೀಲ ಬಿಚ್ಚಿದವನು ಕೈ ತಡೆದ. “ಆದ್ರ ಒಂದ ಮಾತ ತಿಳ್ಕೋರಿ. ಇದು ನೀರಿನ ವಿಷ ಆಗಿದ್ರ ಈ ಔಷಧ ಮಣ್ಣಿಗೆ ಚುಚ್ಚಿದಂಗ. ಉಳದದ್ದೂ ಹೋಗತಾವ. ಖರೇ ಹೇಳ್ರಿ.”

ಎಲ್ಲರೂ ಸಂಗಣ್ಣನ ಕಡೆ ನೋಡಿದರು. ಅವನು ಸತ್ತ ಕುರಿಗಳ ಸಾಲಿನ ಕೊನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದರ ಕಿವಿಯನ್ನು ಮಡಚುತ್ತ ಬಿಡಿಸುತ್ತ ಇದ್ದ. ಸಿರಿಂಜು ಶೀಶೆಗೆ ಇಳಿಯಿತು.

“ನೀರ ಕೆಟ್ಟಿತ್ತ್ರಿ.”

ಯಾರು ಅಂದದ್ದು ಎಂದು ಎಲ್ಲರೂ ತಿರುಗಿದರು. ತಾನೇ ಅಂದದ್ದು ಎಂದು ಸುಜಾತಾಳಿಗೂ ತುಸು ತಡವಾಗಿ ತಿಳಿಯಿತು.

“ನನಗ ವಾಸನಿ ಬಂದಿತ್ತು. ಹೇಳಲಿಲ್ಲ ನಾ.”

“ನಿನಗ ಬಂತು, ನಿಮ್ಮಪ್ಪಗ ಬರಲಿಲ್ಲ?” ಮಾಳಿಂಗರಾಯನ ದನಿ ಏರಿತು. “ಸಾಲಿ ಕಲತಾಕಿ ನೀ, ಐವತ್ತ ವರ್ಷ ನೀರ ಕುಡಸಿದಾಂವಗ ಬುದ್ಧಿ ಹೇಳಾಕತ್ತೀಯೇನ? ಸುಮ್ನ ಆಚಿ ಹೋಗ.”

ಅವಳು ಹೋಗಲಿಲ್ಲ. ಇನ್ನೊಂದು ಮಾತಾಡಿದರೆ ಅಪ್ಪನನ್ನು ನಡು ಹೊಲದಲ್ಲಿ ಬೆತ್ತಲೆ ನಿಲ್ಲಿಸಿದಂತೆ. ಆಡದಿದ್ದರೆ ಬಲೆಯ ಒಳಗಿನವು ಒಂದೊಂದಾಗಿ ಹೊರಗೆ ಬರುತ್ತವೆ. ಬಾಯಿ ತೆರೆದಳು. ಆದರೆ ಮಾತು ಕೇಳಿದ್ದು ಆ ಕಡೆಯಿಂದ.

“ಆಕಿಗೆ ಬಂದದ್ದು ಖರೇ.” ಸಂಗಣ್ಣ ಕುರಿಯ ಕಿವಿ ಬಿಡದೆ ಹೇಳಿದ. “ನನಗ ಮೂರ ವರ್ಷ ಆತು ನಾಲಿಗಿ ಸತ್ತು. ಮೂಗೂ ಇಲ್ಲ. ಉಪ್ಪು, ಹುಳಿ, ಹೇಲು, ಹೂವು, ಎಲ್ಲಾ ಒಂದ.”

ರಾಮವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

“ಮತ್ತ ಯಾಕೋ ಸಿಹಿ ಅಂದಿ ಅಣ್ಣಾ?”

“ನೀ ನಾಲಿಗಿ ಅಡವ ಇಟ್ಟೀಯೇನ ಅಂದಿ.”

ಮಾಳಿಂಗರಾಯ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

ವೈದ್ಯ ಆಗಲೇ ಸಿರಿಂಜು ಇಟ್ಟು ಚೀಟಿ ಬರೆಯುತ್ತಿದ್ದ. ಯಾವುದೋ ಫ್ಯಾಕ್ಟರಿಯ ಕೆಟ್ಟ ನೀರನ್ನು ಕದ್ದು ಟ್ಯಾಂಕರಿನಲ್ಲಿ ತಂದು ಇಂಥ ಖಣಿಗಳಿಗೆ ಸುರಿಯುತ್ತಾರೆ, ಯಾವ ವಿಷ ಅನ್ನುವುದು ಲ್ಯಾಬಿನವರು ಹೇಳಬೇಕು, ಅಲ್ಲಿಯ ತನಕ ಹೊಟ್ಟೆ ತೊಳೆಯುವುದೊಂದೇ ದಾರಿ ಎಂದ. “ಕುಡದದ್ದು ಬ್ಯಾರೆ, ಕುಡೀಲಾರದ್ದು ಬ್ಯಾರೆ ಮಾಡ್ರಿ ಮೊದಲ. ಕುಡದ ತಾಯಿ ಮೊಲಿ ಮರಿಗೆ ಬಿಡಬ್ಯಾಡ್ರಿ. ಹಾಲಿನಾಗೂ ಇಳೀತೈತಿ.” ಚೀಟಿ ಹಿಡಿದು ಮಾಳಿಂಗರಾಯ ವೈದ್ಯನ ಬೈಕಿನ ಹಿಂದೆ ಕೂತು ಔಷಧ ತರಲು ಮುದ್ದೇಬಿಹಾಳಕ್ಕೆ ಹೋದ.

ಬೈಕಿನ ಧೂಳು ಇಳಿದ ಮೇಲೆ ಸುಜಾತಾಳಿಗೆ ನೆನಪಾಯಿತು. “ಅಪ್ಪಾ, ಧರ್ಮರಾಜ ಕಾಕಾನ ಹಿಂಡು.”

ರಾಮವ್ವ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಹೊಲದಲ್ಲಿ ಮಲಗುವವರ ಫೋನಿಗೆ ಮುಂಜಾನೆ ಚಾರ್ಜ್ ಎಲ್ಲಿಂದ ಬರಬೇಕು? “ನೀ ಹಚ್ಚಕೋತ ಇರು” ಎಂದು ಸುಜಾತಾ ತನ್ನ ಫೋನನ್ನೂ ಅವ್ವನ ಕೈಗಿಟ್ಟಳು. ಸಂಗಣ್ಣ ಆಗಲೇ ಕೋಲು ಹಿಡಿದು ಹೊಲದ ಬದು ದಾಟಿದ್ದ.

ಪರಸಿಯ ಗುಡ್ಡೆಗಳ ಮೇಲೆ ಈ ಸಲ ಕುರಿಗಳಿರಲಿಲ್ಲ, ಇಬ್ಬರ ಕಾಲಡಿಯ ಕಲ್ಲುಗಳಷ್ಟೇ ಸದ್ದು ಮಾಡುತ್ತಿದ್ದವು. ಬಿಸಿಲು ಏರುತ್ತಿತ್ತು. ಅಪ್ಪ ನಿಂತು ಮೊಣಕಾಲು ಹಿಡಿದುಕೊಂಡಾಗ ಅವಳೂ ನಿಲ್ಲುವಳು.

“ನಿನಗ ಎಂದ ಗೊತ್ತಾತು?” ಎಂದು ಅವನು ಅವಳ ಕಡೆ ನೋಡದೆ ಕೇಳಿದ.

“ಅವ್ವ ಚಾದಾಗ ಸೋಡಾ ಹಾಕಿದ್ಲಲ್ಲ, ಅಂದ.”

“ಅದು ಸೋಡಾ ಇತ್ತ?” ತುಸು ದೂರ ನಡೆದ. “ಬಿಸಿ ಇತ್ತು. ಚಲೋ ಅನಸ್ತು.”

ನಗು ಬರುವಂಥ ಮಾತು. ಇಬ್ಬರೂ ನಗಲಿಲ್ಲ.

“ನಿನ್ನೆ ನೀ ತಲಿ ಬಾಗಸಿದಿ. ಹೂಂ ಅಂದಿ ಅಂತ ತಿಳದೆ.”

“ಎಲ್ಲಾರೂ ನೋಡಾಕತ್ತಿದ್ರಪ್ಪಾ. ಅಂಜಿ ಕೆಳಗ ನೋಡಿದೆ.”

ಸಂಗಣ್ಣ ಕೋಲಿನಿಂದ ಒಂದು ಹಲ್ಲೆಯನ್ನು ಸರಿಸಿ ಕಾಲಿಡಲು ಜಾಗ ಮಾಡಿಕೊಂಡ. “ಹೂಂ” ಎಂದ. ಮುಂದಿನ ದಿಬ್ಬ ಹತ್ತುವಾಗ, “ಕೇಳಬೇಕಾಗಿತ್ತು ನಾ. ಬಾಯಿ ಬಿಟ್ಟ ಕೇಳಬೇಕಾಗಿತ್ತು” ಎಂದ. ಅವಳು ಹೇಳಬೇಕಾಗಿದ್ದ ಹೊತ್ತೂ ನಿನ್ನೆಯೇ ದಾಟಿಹೋಗಿತ್ತು.

ಕೊನೆಯ ದಿಬ್ಬದ ಮೇಲಿಂದ ನೋಡಿದರೆ ಇಳಿಜಾರಿನ ತುಂಬ ಕುರಿ. ಆಚೆ ರಸ್ತೆಯಿಂದ ಬಂದಿದ್ದ ಧರ್ಮರಾಜ ನೀರಿನ ಅಂಚಿನಲ್ಲಿ ಕೋಲು ಅಡ್ಡ ಹಿಡಿದು, ಅವಸರ ಮಾಡುತ್ತಿದ್ದ ಹಿಂಡನ್ನು ತಡೆದು ನಿಲ್ಲಿಸಿದ್ದ. ದಪ್ಪ ಮೀಸೆಯ, ಎತ್ತರದ ಆಳು. ಅವನ ಜೊತೆಯ ಇಬ್ಬರು ಧೋತರ ಕಟ್ಟುತ್ತಿದ್ದರು, ನೀರಿಗಿಳಿಯಲು.

“ಬ್ಯಾಡ!” ಸಂಗಣ್ಣ ಮೇಲಿನಿಂದಲೇ ಕೂಗಿದ. “ಧರ್ಮರಾಜಾ, ಬ್ಯಾಡ! ಇಳಸಬ್ಯಾಡ!”

ಇಬ್ಬರೂ ಜಾರುತ್ತ ಏಳುತ್ತ ಕೆಳಗೆ ಮುಟ್ಟುವ ತನಕ ಧರ್ಮರಾಜ ಕಾದ. “ಏನೋ ಸಂಗಣ್ಣಾ, ನಿನ್ನೆ ಸಿಹಿ ಇದ್ದದ್ದು ಇವತ್ತ ಬ್ಯಾಡ ಆತ? ಒಂದ ರಾತ್ರ್ಯಾಗ ಏನ ಕಲಸಿದ್ರಿ?”

“ಕೆಟ್ಟೈತೋ. ನನ್ನವು ಇಪ್ಪತ್ಮೂರ ಹೋದವು.”

“ಯಾಕ?”

“ಈ ನೀರ ಕುಡದು.”

ಧರ್ಮರಾಜ ನೀರನ್ನು ನೋಡಿದ, ಸಂಗಣ್ಣನನ್ನು ನೋಡಿದ, ತನ್ನ ಆಳುಗಳ ಕಡೆ ತಿರುಗಿ ಹುಬ್ಬು ಹಾರಿಸಿದ. “ಕುರಿ ಕರುಳಬ್ಯಾನಿಗೂ ಸಾಯ್ತಾವ. ನಿನ್ನ ಬಾಯಾಗ ಸಿಹಿ ಆದ ನೀರು ಕುರಿ ಹೊಟ್ಯಾಗ ವಿಷ ಆತಂತ. ಯಾರಿಗ ಹೇಳ್ತಿ? ಇಷ್ಟ ಚಂದ ನೀರು, ಎಲ್ಲಾರೂ ಬಂದ ರಾಡಿ ಮಾಡ್ತಾರ ಅಂತ ಹೆದರಿಕಿ ಬಂತ?”

“ನನಗ ನಾಲಿಗಿ ಇಲ್ಲೋ!”

“ಏನ?”

“ರುಚಿ ಹತ್ತೂದಿಲ್ಲ. ಜ್ವರ ಬಂದಾಗಿಂದ. ಮಂದಿಗೆ ಹೇಳಿಲ್ಲ ನಾ. ಸುಳ್ಳ ಸುಳ್ಳ ಸಿಹಿ ಅಂದೇನಿ.”

ಧರ್ಮರಾಜ ಹೊಟ್ಟೆ ಹಿಡಿದು ನಕ್ಕ. ಇಬ್ಬರು ಆಳುಗಳೂ ನಕ್ಕರು. “ಕೇಳ್ರಿಲೇ, ಸಂಗಣ್ಣಗ ನಾಲಿಗಿ ಇಲ್ಲಂತ! ನಾಳಿ ಸೂರ್ಯಾಗ ಬೆಳಕಿಲ್ಲ ಅಂತಾನ. ನಿನ್ನ ಹೆಸರ ಹೇಳಿ ಮೂವತ್ತ ವರ್ಷ ನೀರ ಕುಡಸೀವಿ ನಾವು.”

“ಕಾಕಾ, ಖರೇ ಐತ್ರಿ” ಎಂದಳು ಸುಜಾತಾ. ದನಿ ನಡುಗಿತು, ಆದರೂ ಹೊರಗೆ ಬಂತು. “ಡಾಕ್ಟರೂ ಅಂದಾರ, ವಿಷ ಅಂತ.”

“ನೀ ಸುಮ್ನಿರ ತಂಗಿ, ನಿಮ್ಮಪ್ಪ ಕಲಿಸಿಕೊಟ್ಟದ್ದ ಹೇಳಬ್ಯಾಡ.”

ಸಂಗಣ್ಣನ ಕಣ್ಣು ಧರ್ಮರಾಜನ ಹೆಗಲ ಚೀಲದ ಮೇಲೆ ಬಿತ್ತು. “ಕಾಡಜೀರಗಿ ಇಟ್ಟೀಯೇನ?” ಎಂದು ಕೇಳಿದ. ಕುರಿಯ ಹೊಟ್ಟೆಯ ಹುಳಕ್ಕೆ ಅರೆದು ಹಾಕುವ ಆ ಕಾಳು ಯಾವ ಕುರುಬನ ಚೀಲದಲ್ಲೂ ತಪ್ಪುವುದಿಲ್ಲ. ಒಂದೇ ಒಂದು ಕಾಳು ನಾಲಿಗೆಗೆ ತಗುಲಿದರೆ ಗಟ್ಟಿ ಗಂಡಸೂ ಅರ್ಧ ದಿನ ಕಾರಿಕೊಳ್ಳಬೇಕು, ಅಂಥ ಕಹಿ. ಧರ್ಮರಾಜ ಏನೂ ತಿಳಿಯದೆ ಗಂಟು ತೆಗೆದುಕೊಟ್ಟ. ಸಂಗಣ್ಣ ಅಂಗೈ ತುಂಬ ಸುರಿದುಕೊಂಡು ಬಾಯಿಗೆ ಹಾಕಿದ.

ಅಗಿದ. ಪುಟಾಣಿ ಅಗಿಯುವಂತೆ, ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಅಗಿದ. ಮುಖ ಕಿವಿಚಲಿಲ್ಲ. ಕಣ್ಣಲ್ಲಿ ನೀರು ಬರಲಿಲ್ಲ. ಕಪ್ಪು ಜೊಲ್ಲು ಗದ್ದಕ್ಕೆ ಇಳಿಯಿತು. ನೋಡುತ್ತಿದ್ದ ಒಬ್ಬ ಆಳು ತಾನೇ ಮುಖ ತಿರುಗಿಸಿ ಉಗುಳಿದ. ಸಂಗಣ್ಣ ನುಂಗಿ, ಬಾಯಿ ತೆರೆದು ನಾಲಿಗೆ ಹೊರಗೆ ಚಾಚಿದ. ಕಪ್ಪು ಸಿಪ್ಪೆ ಅಂಟಿದ ಆ ನಾಲಿಗೆಯನ್ನು ಧರ್ಮರಾಜ ಬಹಳ ಹೊತ್ತು ನೋಡಿದ. ಮೀಸೆಯ ಕೆಳಗಿನ ನಗು ನಿಧಾನಕ್ಕೆ ಹೋಯಿತು.

“ಅಯ್ಯ ನನ ದೇವ್ರ” ಎಂದ ಮೆಲ್ಲಗೆ.

ಆಗಲೇ ಸುಜಾತಾ ಚೀರಿದ್ದು. ಅಡ್ಡ ಹಿಡಿದ ಕೋಲು ಯಾವಾಗ ಕೆಳಗಿಳಿದಿತ್ತೋ. ನಾಲ್ಕು ಜನ ಒಂದು ನಾಲಿಗೆಯನ್ನು ನೋಡುತ್ತ ನಿಂತ ಹೊತ್ತಿನಲ್ಲಿ ಹಿಂಡಿನ ಮುಂಭಾಗ ಅವರ ಎರಡೂ ಬದಿಯಿಂದ ಇಳಿದುಹೋಗಿತ್ತು. ಮೂವತ್ತು ನಲವತ್ತು ಕುರಿ ಅಂಚಿನುದ್ದಕ್ಕೂ ಸಾಲಾಗಿ ನಿಂತು, ಮುಂಗಾಲು ಮಡಚಿ, ತಮ್ಮ ನೆರಳಿಗೆ ಬಾಯಿ ಹಚ್ಚಿದ್ದವು. ಗುಟುಕಿನ ಸದ್ದು ಕೇಳುವಷ್ಟು ಖಣಿ ಶಾಂತವಾಗಿತ್ತು.

ಧರ್ಮರಾಜ ಸೀಟಿ ಹೊಡೆದ, ಕೋಲು ಬೀಸಿದ, ಕೊರಳ ಉಣ್ಣೆ ಹಿಡಿದು ಎಳೆದ. ಬಾಯಾರಿದ ಕುರಿ ಸುಲಭಕ್ಕೆ ಬಾಯಿ ಎತ್ತುವುದಿಲ್ಲ. ಎಲ್ಲವನ್ನೂ ಮೇಲೆ ದೂಡುವಷ್ಟರಲ್ಲಿ ಕುಡಿದವೂ ಕುಡಿಯದವೂ ಕಲೆತು ಒಂದೇ ಹಿಂಡಾಗಿ ಇಳಿಜಾರಿನ ನೆತ್ತಿಯಲ್ಲಿ ನಿಂತಿದ್ದವು. ಏನೂ ಆಗಿಲ್ಲವೆಂಬಂತೆ ಕಲ್ಲಿನ ಸಂದಿಯ ಒಣ ಹುಲ್ಲು ಎಳೆಯುತ್ತಿದ್ದವು.

ಧರ್ಮರಾಜ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಸಿರು ತಹಬಂದಿಗೆ ಬಂದ ಮೇಲೆ ಒಂದೇ ಕೇಳಿದ. “ಎಷ್ಟ ಹೊತ್ತ ಐತಿ?”

“ನನ್ನವು ಮಧ್ಯಾಹ್ನಕ ಕುಡದಿದ್ವು. ದೀಪ ಹಚ್ಚೂ ಹೊತ್ತಿಗೆ ಮೊದಲಿಂದು.”

“ಅಂದ್ರ ಸಂಜಿ ಒಳಗ.”

“ಹೂಂ.”

“ಬ್ಯಾರೆ ಮಾಡಬೇಕ್ರಿ ಕಾಕಾ” ಎಂದಳು ಸುಜಾತಾ. “ಮಾರಿ ಒದ್ದಿ ಇದ್ದದ್ದೆಲ್ಲಾ ಈ ಕಡೆ. ಬಿಸಲಿಗೆ ಒಣಗತಾವ, ಲಗೂ ಮಾಡ್ರಿ. ಕುಡದದ್ದು ಎಷ್ಟಂತ ಗೊತ್ತಾದ್ರ ದಡ್ಡಿಗೆ ಹೋಗಿ ಡಾಕ್ಟರಗ ಫೋನ್ ಮಾಡೂಣು.” ಇಷ್ಟು ಉದ್ದದ ಮಾತನ್ನು ಮೂವರು ಗಂಡಸರ ಎದುರು ತಾನು ಆಡಿದೆನೆಂಬುದು ಆ ಹೊತ್ತಿನಲ್ಲಿ ಅವಳಿಗೆ ಗೊತ್ತೇ ಆಗಲಿಲ್ಲ.

ಆಳುಗಳು ಒಂದೊಂದೇ ಕುರಿಯನ್ನು ಹಿಡಿದು ಅವಳ ಮುಂದೆ ನಿಲ್ಲಿಸಿದರು. ಅವಳು ಮೂತಿ ಮುಟ್ಟಿ ನೋಡುವಳು, ಮೂಗು ಹತ್ತಿರ ತರುವಳು. “ಕುಡದೈತಿ” ಅಂದರೆ ಎಡಕ್ಕೆ. “ಇಲ್ಲ” ಅಂದರೆ ಬಲಕ್ಕೆ. ಸಂಗಣ್ಣ ಎರಡು ಹಿಂಡುಗಳ ನಡುವೆ ಕೋಲು ಅಡ್ಡ ಹಿಡಿದು ನಿಂತಿದ್ದ. ಮೂತಿಗಳು ಬೆಚ್ಚಗಿದ್ದವು. ಕೆಲವು ಅವಳ ಬೆರಳು ನೆಕ್ಕಿದವು. ಕುಡದೈತಿ. ಇಲ್ಲ. ಕುಡದೈತಿ. ಕುಡದೈತಿ. ಅವಳ ದನಿಯಲ್ಲಿ ಈಗ ನಡುಕವಿರಲಿಲ್ಲ. ಬೇರೆ ಏನೂ ಇರಲಿಲ್ಲ.

ಎಲ್ಲ ಮುಗಿಯಿತು ಅನ್ನುವಾಗ ಒಬ್ಬ ಆಳು ಕಂಕುಳಲ್ಲಿ ಒಂದು ಮರಿ ತಂದ. ಹುಟ್ಟಿ ನಾಲ್ಕು ದಿನವೂ ಆಗಿರಲಿಕ್ಕಿಲ್ಲ, ಹೊಕ್ಕುಳ ಬಳ್ಳಿ ಇನ್ನೂ ಒಣಗಿ ತೂಗುತ್ತಿತ್ತು. ತುಟಿ ಒದ್ದೆ. ಸುಜಾತಾ ಬಗ್ಗಿ ಮೂಸಿದಳು. ಹಾಲಿನ ವಾಸನೆ. ಬರೀ ಹಾಲು.

“ಇದು ನೀರಿಗೆ ಹೋಗಿಲ್ರಿ” ಎಂದು ಅದನ್ನು ಬಲಗಡೆಗೆ ಬಿಟ್ಟಳು.

ಮರಿ ನಿಲ್ಲಲಿಲ್ಲ. ತೊಡರುಗಾಲಲ್ಲಿ ಕುಣಿಯುತ್ತ ಎಡಗಡೆಗೆ ಹೊರಟಿತು. ಅಲ್ಲಿಂದ ಒಂದು ಕಪ್ಪು ಮುಖದ ಕುರಿ, ಅವಳೇ ಈಗ ತಾನೆ ‘ಕುಡದೈತಿ’ ಎಂದು ಕಳಿಸಿದ್ದು, ಗುಂಪು ಸೀಳಿಕೊಂಡು ಮುಂದೆ ಬಂದು ಕೂಗಿತು. ಕೆಚ್ಚಲು ತುಂಬಿತ್ತು. ಸಂಗಣ್ಣ ಕೋಲು ಹಿಡಿದವನು ಮಗಳ ಮುಖ ನೋಡಿದ. ಈ ಸಲ ಅವಳು ಕೆಳಗೆ ನೋಡಲಿಲ್ಲ.

“ಬಿಡಬ್ಯಾಡಪ್ಪಾ” ಎಂದಳು. ಓಡಿಹೋಗಿ ಮರಿಯನ್ನು ಎತ್ತಿಕೊಂಡಳು.

ಅದು ಅವಳ ಎದೆಗೆ ಕಾಲು ಒದೆಯುತ್ತ ಅರಚಿತು, ತಾಯಿ ಕೋಲಿನ ಆಚೆಯಿಂದ ಅರಚಿತು. ಹೊತ್ತು ಇನ್ನೂ ಹತ್ತೂವರೆ. ಧರ್ಮರಾಜ ಎಡಗಡೆಯ ಹಿಂಡಿನ ನಡುವೆ ಹೋಗಿ ಕಲ್ಲಿನ ಮೇಲೆ ಕುಳಿತ, ಒಂದೊಂದನ್ನೇ ಹೆಸರು ಹಿಡಿದು ಕರೆಯತೊಡಗಿದ. ಕರೆದವು ಕತ್ತೆತ್ತಿ ಅವನನ್ನು ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿದವು.